ಮುಚ್ಚಳದ ಮೇಲಿನ ಬರಹ

ಆರು ತಟ್ಟೆಗಳೂ ಸ್ವಚ್ಛವಾಗಿದ್ದವು. ಸಂಶೋಧಕಿ ಹುಡುಗಿ ಕುಸಿದು ಕೂತಳು.

ಕ್ಯಾಂಪಸ್ಸಿನ ಕುಡಿಯುವ ನೀರಿನ ಟ್ಯಾಂಕಿನಿಂದ ಅವಳು ಮಾದರಿ ತಂದಿದ್ದಳು. ಆ ಪೆಟ್ರಿ ತಟ್ಟೆಗಳಲ್ಲಿ ನಿನ್ನೆ ಸಂಜೆ ರೋಗಾಣುಗಳು ಚುಕ್ಕೆಚುಕ್ಕೆಯಾಗಿ ಬೆಳೆದಿದ್ದವು. ಇಂದು ವಿಜ್ಞಾನ ಮೇಳ. ಊರಿನವರಿಗೆ ಅದನ್ನೇ ತೋರಿಸಬೇಕಿತ್ತು. ಹನ್ನೊಂದಕ್ಕೆ ಸಂಶೋಧನಾ ಮಂಡಳಿಯ ಸಭೆ. ಅಲ್ಲಿ ಫಲಿತಾಂಶ ಸುಳ್ಳೆಂದರೆ ಅವಳ ಮೂರು ವರ್ಷದ ದುಡಿಮೆ ಮಣ್ಣುಪಾಲು.

"ಅಕ್ಕಾ, ನಾನು ಸುಳ್ಳು ಹೇಳಿಲ್ಲ."

"ಹೇಳಿದೀಯ ಅಂತ ಯಾರಂದ್ರು? ಏನೂ ಮುಟ್ಬೇಡ."

ಪ್ರಚಾರ ವಿಭಾಗದ ಅಕ್ಕನಿಗೆ ಸಿಟ್ಟು ನೆತ್ತಿಗೇರಿತ್ತು. ಮೇಳದ ಕರಪತ್ರ ಬರೆದವಳು ಅವಳೇ. ಈ ವಿಭಾಗಕ್ಕೆ ಬರುವ ಮೊದಲು ಹನ್ನೆರಡು ವರ್ಷ ಇದೇ ಪ್ರಯೋಗಾಲಯದಲ್ಲಿ ಸಹಾಯಕಿಯಾಗಿದ್ದಳು.

ಕೀಲಿ ಪುಸ್ತಕ ನೋಡಿದಳು. ಹುಡುಗಿ ಹೋದ ಮೇಲೆ ಕೀಲಿ ಪಡೆದವನು ಅವಳ ಸಹಪಾಠಿ. ತಿಂಗಳಿಂದ ಇಬ್ಬರಿಗೂ ಮಾತಿಲ್ಲ. ನೋಟ್‌ಬುಕ್ ಮರೆತಿದ್ದೆ, ತಗೊಂಡು ಹೋದೆ ಎಂದು ಅವನು ಬೆವರುತ್ತ ಹೇಳಿದ.

ಅಕ್ಕ ತಟ್ಟೆಗಳತ್ತ ಬಗ್ಗಿದಳು. ಮುಚ್ಚಳಗಳ ಮೇಲೆ ದುಂಡಗಿನ ಅಕ್ಷರ: ಕ್ರ.ಸಂ. 1, ಕ್ರ.ಸಂ. 2. ಅವನನ್ನು ಮನೆಗೆ ಕಳಿಸಿಬಿಟ್ಟಳು.

* * *

ಸಭೆಯಲ್ಲಿ ಮಂಡಳಿಯ ಕಾರ್ಯದರ್ಶಿಗಳ ಕಡತ ಸಿದ್ಧವಾಗಿತ್ತು. ಟ್ಯಾಂಕು ಕಳೆದ ತಿಂಗಳು ತಮ್ಮ ಉಸ್ತುವಾರಿಯಲ್ಲೇ ಶುದ್ಧವಾಗಿದೆ, ಮೇಳದಲ್ಲಿ ಹುಡುಗಿಯ ಮಳಿಗೆ ರದ್ದಾಗಲಿ ಎಂದರು. ಅಧ್ಯಕ್ಷರು ತಲೆಯಾಡಿಸಿದರು.

ಆಗಲಿ, ಅದಕ್ಕೆ ಮೊದಲು ಮೇಳಕ್ಕೊಂದು ಫೋಟೋ ಎಂದು ಅಕ್ಕ ಎಲ್ಲರಿಗೂ ಒಂದೊಂದು ಖಾಲಿ ತಟ್ಟೆ, ಪೆನ್ನು ಹಂಚಿದಳು. ಸಂಖ್ಯೆ, ಹೆಸರು ಬರೆಯಬೇಕು, ಅಷ್ಟೇ.

ಪ್ರೊಫೆಸರುಗಳೆಲ್ಲ ತಟ್ಟೆ ಬೋರಲು ಹಾಕಿ ತಳದ ಮೇಲೆ ಬರೆದರು. ಕಾರ್ಯದರ್ಶಿಗಳೊಬ್ಬರೇ ಮುಚ್ಚಳದ ಮೇಲೆ ಬರೆದರು. ಕ್ರ.ಸಂ. 5. ಅದೇ ದುಂಡಗಿನ ಅಕ್ಷರ.

ಅಕ್ಕ ಬೆಳಗಿನ ತಟ್ಟೆಯನ್ನು ಅದರ ಪಕ್ಕಕ್ಕಿಟ್ಟಳು.

"ಮುಚ್ಚಳ ಅದಲು ಬದಲಾಗುತ್ತೆ ಅಂತ ಲ್ಯಾಬಿನೋರು ತಳದ ಮೇಲೇ ಬರೀತಾರೆ. ಬೆಳೆಸೋವಾಗ ತಟ್ಟೆ ಬೋರಲಾಗಿಡ್ತಾರೆ. ರಾತ್ರಿ ತಟ್ಟೆ ಬದಲಾಯಿಸೋವಾಗ ನೀವು ಮೇಲೆ ಕಂಡ ಬರಹ ತಳದ್ದು, ಸಾರ್. ಮುಚ್ಚಳದ್ದು ಅಂದ್ಕೊಂಡ್ರಿ. ಕಚೇರಿ ಅಭ್ಯಾಸಕ್ಕೆ ಕ್ರ.ಸಂ. ಬೇರೆ ಸೇರಿಸಿದ್ರಿ."

ಎಲ್ಲ ಕೋಣೆಗಳ ಇನ್ನೊಂದು ಕೀಲಿ ಇರುವುದು ಅವರ ಬಳಿಯೇ. ಅವರ ಬೀರು ತೆಗೆಸಿದರು. ಮೂರು ಪದರ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಆರು ತಟ್ಟೆಗಳು ಸಿಕ್ಕವು. ಎಸೆಯಲು ಹೋದರೆ ರೋಗ ತಗಲೀತೆಂದು ಹೆದರಿದ್ದರಂತೆ. ಟ್ಯಾಂಕು ತೊಳೆಸದೇ ತೊಳೆಸಿದೆನೆಂದು ಸಹಿ ಹಾಕಿದ್ದನ್ನೂ ಒಪ್ಪಿಕೊಂಡರು.

"ನಮ್ಮಲ್ಲೇ ಇರಲಿ ಇದು. ಹೊರಗೆ ಹೋಗೋದು ಬೇಡ," ಎಂದರು ಅಧ್ಯಕ್ಷರು.

"ಆ ನೀರು ಕುಡಿಯೋರು ಹೊರಗಿದಾರೆ, ಸಾರ್. ಬೇಕಾದ್ರೆ ನನ್ನ ಕೆಲಸ ತೆಗೀರಿ."

* * *

ಮಳಿಗೆ ಕ್ಯಾಂಪಸ್ಸಿನ ಗೇಟಿನೆದುರೇ ಎದ್ದಿತು. ಆರು ತಟ್ಟೆಗಳನ್ನೂ ಮುಂದೆಯೇ ಸಾಲಾಗಿಟ್ಟರು. ಅನುಮಾನವಿದ್ದವರು ಟ್ಯಾಂಕಿನಿಂದ ತಾವೇ ಬಾಟಲಿಗೆ ನೀರು ಹಿಡಿಯಬಹುದು, ನಾಡಿದ್ದು ಬಂದು ಫಲಿತಾಂಶ ನೋಡಬಹುದು ಎಂದು ಅಕ್ಕ ಮೈಕಿನಲ್ಲಿ ಸಾರಿದಳು. ಜನ ಮುತ್ತಿಕೊಂಡರು.

ಮಳಿಗೆ ಮುಚ್ಚಿಸಲು ಅಧ್ಯಕ್ಷರು ದಾಪುಗಾಲು ಹಾಕುತ್ತ ಬಂದರು. ಹುಡುಗಿ ಹಿಂದೆ ಸರಿಯಲಿಲ್ಲ. ಎಲ್ಲರ ಕಣ್ಣೆದುರೇ ಮೊದಲ ಖಾಲಿ ಬಾಟಲಿಯನ್ನು ಅವರ ಕೈಗಿಟ್ಟಳು.

"ನೀವೇ ಶುರು ಮಾಡಿ, ಸಾರ್."