ಡೇನಿಯಲ್‌ನ ಮಣ್ಣು

"ಸಹಿ ಹಾಕಬ್ಯಾಡ ಕಣಮ್ಮ!" ಓಬಳರಾಜು ತಂಗಿ ಶಶಿರೇಖಾಳ ಕೈಯಿಂದ ಪೆನ್ನು ಕಿತ್ತುಕೊಂಡ. "ಒಂಬತ್ತು ವರ್ಷ ನಿನ್ನ ಸೊಸೆ ಅಂತ ಒಂದ್ಸಲಾನೂ ಕರೀದೇ ಇದ್ದೋರು, ಇವತ್ತು ಹೆಣ ಕೇಳಕ್ಕೆ ಮಧುಗಿರಿಗಂಟ ಬಂದವ್ರೆ!"

ಎದುರು ಕುಳಿತಿದ್ದ ಮಾರ್ಥಾಗೆ ಮಾತು ತಿಳಿಯದಿದ್ದರೂ ಸಿಟ್ಟು ತಿಳಿಯಿತು. ಎಂಬತ್ತರ ಆ ಮುದುಕಿ ತಲೆ ತಗ್ಗಿಸಿದಳು.

ಅವಳ ಮಗ ಡೇನಿಯಲ್ ಐರ್ಲೆಂಡಿನವನು, ಯುದ್ಧ ವರದಿಗಾರ. ಮಸ್ಕತ್ತಿನ ಆಸ್ಪತ್ರೆಯಲ್ಲಿ ತನ್ನ ಗಾಯಕ್ಕೆ ಪಟ್ಟಿ ಕಟ್ಟಿದ ನರ್ಸ್ ಶಶಿರೇಖಾಳನ್ನೇ ಮದುವೆಯಾಗಿ, ಅವಳೂರಾದ ಮಧುಗಿರಿಯಲ್ಲೇ ಮನೆ ಮಾಡಿದ್ದ. ಒಂದು ಯುದ್ಧ ಮುಗಿಸಿ ಬಂದರೆ ಬೆಟ್ಟಕ್ಕೆ ಮುಖ ಮಾಡಿಕೊಂಡು ಜಗಲಿಯಲ್ಲಿ ದಿನಗಟ್ಟಲೆ ಸುಮ್ಮನೆ ಕೂತಿರುತ್ತಿದ್ದ. "ಸತ್ತರೆ ಇಲ್ಲೇ ಮಣ್ಣು ಮಾಡು ಶಶಿ," ಎಂದಿದ್ದ. ಕಳೆದ ವಾರ ಸುಡಾನಿನಲ್ಲಿ ಅವನಿದ್ದ ಕಾರಿನ ಮೇಲೆ ಶೆಲ್ ಬಿತ್ತು... ಈಗ ಶವ ಯಾವ ದೇಶಕ್ಕೆ ಹೋಗಬೇಕೆಂದು ಹೆಂಡತಿಯೇ ಬರೆದುಕೊಡಬೇಕಿತ್ತು.

'ಅವರು ನನ್ನವರು! ಇಲ್ಲಿಗೇ ಬರಲಿ!' ಎಂದು ಕೂಗಬೇಕೆನಿಸಿತು ಶಶಿರೇಖಾಗೆ.

"ನಿನ್ನನ್ನು ಒಪ್ಪದೇ ಹೋದದ್ದು ನನ್ನ ತಪ್ಪು," ಮಾರ್ಥಾ ಇಂಗ್ಲಿಷಿನಲ್ಲಿ ತೊದಲಿದಳು. "ಅವನಪ್ಪನ ಸಮಾಧಿ ಪಕ್ಕ ನನಗೆಂದು ಜಾಗ ಇಟ್ಟುಕೊಂಡಿದ್ದೆ. ಅದನ್ನು ಅವನಿಗೆ ಕೊಡುತ್ತೇನೆ. ದಿನಾ ನಡೆದು ಹೋಗುವಷ್ಟು ಹತ್ತಿರ ಇರಲಿ, ಮಗಳೇ..."

ಶಶಿರೇಖಾಗೆ ಹಳೆಯದೊಂದು ವರದಿ ನೆನಪಾಯಿತು. ಮಗನ ಶವಕ್ಕಾಗಿ ಮೂರು ಆಸ್ಪತ್ರೆ ಅಲೆದ ತಾಯಿಯೊಬ್ಬಳ ಬಗ್ಗೆ ಡೇನಿಯಲ್ ಹಿಂದೊಮ್ಮೆ ಬರೆದಿದ್ದ. ವರದಿ ಕಳಿಸಿದ ದಿನ ಫೋನಿನಲ್ಲಿ ಬಿಕ್ಕಿದ್ದ, "ಆಕೆಗೆ ಕೊನೆಗೂ ಸಿಗಲಿಲ್ಲ ಶಶಿ!" ಅಂಥ ತಾಯಂದಿರ ಕಥೆ ಬರೆಯುತ್ತಲೇ ಸತ್ತವನ ತಾಯಿಯನ್ನು ಬರಿಗೈಯಲ್ಲಿ ಕಳಿಸುವುದು ಹೇಗೆ?

"ಪೆನ್ನು ಕೊಡಣ್ಣ."

"ಹುಚ್ಚು ಹಿಡೀತಾ ನಿಂಗೆ? ಭಾವ ಹೇಳಿದ್ ಮಾತು?"

"ಅವರಿದ್ದಿದ್ರೆ ಅವರೂ ಇಂಗೇ ಮಾಡೋರು ಕಣಣ್ಣ..."

ಸಹಿ ಹಾಕಿ, ಅತ್ತೆಯ ಮಡಿಲಲ್ಲಿ ಮುಖ ಹುದುಗಿಸಿ ಗೋಳೋ ಎಂದು ಅತ್ತಳು. ಒಂಬತ್ತು ವರ್ಷಕ್ಕೆ ಮೊದಲ ಸಲ ಆ ಮುದಿ ಕೈ ಅವಳ ತಲೆ ಸವರಿತು.

ಐರ್ಲೆಂಡಿಗೆ ಹೋಗಲು ಶಶಿರೇಖಾಗೆ ವೀಸಾ ಸಮಯಕ್ಕೆ ಸಿಗಲಿಲ್ಲ. ಮಣ್ಣು ಮಾಡುವ ದಿನ ವಿಡಿಯೊ ಕರೆ ಬಂತು. ಸ್ಮಶಾನದಲ್ಲಿ ಮಾರ್ಥಾ ಕಷ್ಟಪಟ್ಟು ಮಂಡಿಯೂರಿ ಫೋನನ್ನು ಶವಪೆಟ್ಟಿಗೆಯ ಹತ್ತಿರ ಹಿಡಿದಳು. "ನಿನ್ನ ಭಾಷೆಯಲ್ಲೇ ಮಾತಾಡು ಮಗಳೇ."

ಶಶಿರೇಖಾ ಸೆರಗನ್ನು ಬಾಯಿಗೊತ್ತಿಕೊಂಡಳು.

"ರೀ... ಇನ್ನೆಲ್ಲೂ ಓಡಬ್ಯಾಡ್ರೀ. ಅಮ್ಮ ಪಕ್ಕದಲ್ಲೇ ಅವ್ರೆ. ನೆಮ್ಮದಿಯಾಗಿ ಮಲಗ್ರೀ..."

ಮೊದಲ ಹಿಡಿ ಮಣ್ಣು ಬಿದ್ದ ಸದ್ದು ಮಧುಗಿರಿಯ ಆ ಮನೆಯೊಳಗೂ ಕೇಳಿಸಿತು.