ಹೋದ ಸಮಯ

ಕಾಪುವಿನ ಮೀನಿನ ಕೋಲ್ಡ್ ಸ್ಟೋರೇಜ್ ಒಂದರಲ್ಲಿ ಕಾರ್ಡ್ ಹಿಡಿದರೆ ಮಾತ್ರ ಬಾಗಿಲು ತೆರೆಯುವುದು. ಬಂದದ್ದು, ಹೋದದ್ದು ಡೇಟಾಬೇಸಿನಲ್ಲಿ ದಾಖಲಾಗುತ್ತದೆ. ಅದರ ಕಳೆದ ವರ್ಷದ ದಾಖಲೆಗಳ ಟೇಬಲ್ಲಿನಲ್ಲಿ ‘ಹೋದ ಸಮಯ’ದ ಕಾಲಂ ಖಾಲಿ ಇರಬಾರದೆಂಬ ನಿಯಮ ಹಾಕಲು ನಾನು ಮಧ್ಯಾಹ್ನ ಒಳಗೇ ಕೂತಿದ್ದೆ. ಟೇಬಲ್ ಒಪ್ಪಲಿಲ್ಲ. ಒಂದು ಸಾಲಿನಲ್ಲಿ ಆ ಕಾಲಂ ಖಾಲಿ: ಹೆಸರಿಲ್ಲದ ಒಬ್ಬರು ಬಂದವರು ಹೋಗಿಯೇ ಇರಲಿಲ್ಲ.

“ಒಳಗೆ ಯಾರೂ ಇಲ್ಲ ಮಾರಾಯ್ರೇ, ಈಗಿನ ಸಮಯವೇ ಹಾಕಿಬಿಡಿ,” ಎಂದು ಸೂಪರ್‌ವೈಸರ್ ವಿಜೇತಾ ಗೇಟಿನ ಕಡೆ ಹೋದರು.

ಹಾಕಿದೆ. ನನ್ನ ಹಿಂದೆ ಬಾಗಿಲು ತೆರೆದು ಮುಚ್ಚಿಕೊಂಡಿತು. ಐಸಿನಂಥ ತಂಪು ಕಾಲಿಗೆ ತಾಗಿಕೊಂಡು ಹೋಯಿತು.

ಹೊರಡೋಣವೆಂದರೆ ನನ್ನ ಕಾರ್ಡಿಗೆ ಬಾಗಿಲು ತೆರೆಯಲಿಲ್ಲ. ನೋಡಿದರೆ, ಇವತ್ತಿನ ದಾಖಲೆಯಲ್ಲಿ ನನ್ನ ಹೆಸರಿನ ಮುಂದೆಯೂ ನಾನು ಆಗ ಹಾಕಿದ ಅದೇ ಹೋದ ಸಮಯ! ಆಗಲೇ ಹೋದವನಿಗೆ ಬಾಗಿಲು ಹೇಗೆ ತೆರೆದೀತು? ವಿಜೇತಾರಿಗೆ ಫೋನ್ ಮಾಡಿದೆ.

“ಎಂತ ತಮಾಷೆ? ನೀವು ಈಗಷ್ಟೇ ಬೈಕಲ್ಲಿ ಹೋದಿರಲ್ವಾ?”

ಗೇಟಿನ ಹತ್ತಿರ ನಿಲ್ಲಿಸಿದ್ದ ನನ್ನ ಆ ಬೈಕ್ ಇವತ್ತಿಗೂ ಸಿಕ್ಕಿಲ್ಲ. ಕೀ ನನ್ನ ಹತ್ತಿರವೇ ಉಂಟು.