ಮತ್ತೆ ‘ಒಂದು’ ಎನ್ನುವ ಪೆಟ್ಟಿಗೆ

ಹಿಂದೆ, ಬೆಟ್ಟಗಳು ಇನ್ನೂ ತಮ್ಮ ತಮ್ಮ ಜಾಗ ಹಿಡಿದು ಕೂತಿರದ ಕಾಲದಲ್ಲಿ, ಸುರಗಿಪಟ್ಟಣ ಎಂಬ ರಾಜ್ಯವಿತ್ತು. ಆ ರಾಜ್ಯಕ್ಕೆಲ್ಲ ಒಂದೇ ಕೆರೆ. ಕೆರೆಯ ಪಕ್ಕದಲ್ಲಿ ಕಂಚುಗಾರರ ಕೇರಿ. ಆ ಕೇರಿಯಲ್ಲಿ ಸಿಂಗೋಜನೆಂಬ ಯುವಕನಿದ್ದ. ತಾಯಿತಂದೆ ಇಲ್ಲದ ಅವನನ್ನು ಸಾಕಿದವಳು ಸೋದರತ್ತೆ ದೇಮವ್ವ. ಅವನ ಹೆಂಡತಿ ಕೇತವ್ವ.

ಸಿಂಗೋಜ ಗಂಟೆ, ದೀಪ, ತಂಬಿಗೆಗಳನ್ನು ಎರಕ ಹೊಯ್ಯುತ್ತಿದ್ದ. ಬಿಡುವಾದಾಗ ಕೂತು ತನ್ನ ಕೈಯಾರೆ ಒಂದು ಎಣಿಕೆಪೆಟ್ಟಿಗೆಯನ್ನು ಕಟ್ಟಿದ್ದ. ಹೊರಗೆ ಹಲಸಿನ ಮರ. ಒಳಗೆ ಬಳಪದ ಕಲ್ಲಿನ ಒಂದು ಹಲಗೆ. ಹಲಗೆಯ ಮೇಲೂ ಕೆಳಗೂ ಕೂದಲೆಳೆಯಂಥ ಬೆಳ್ಳಿಯ ಗೆರೆಗಳು. ನಡುವೆ ಕಡಲೆಕಾಳಿನಷ್ಟು ಒಂದು ಮಣಿ. ಎಣಿಸುವುದು ಆ ಮಣಿ. ಎಣಿಸಿದ್ದನ್ನು ನೆನಪಿಟ್ಟು ಹೇಳಲು ಎರಡು ಗೊರವಂಕಗಳು ಬೆಳ್ಳಿಯ ಗೆರೆಯ ಮೇಲೆ ಕಾಲೂರಿ ನಿಂತಿದ್ದವು. ಎಣಿಸುತ್ತ ಎಣಿಸುತ್ತ ಮಣಿ ಕಾದು ಬಿಸಿಯಾಗುತ್ತದೆಂದು ಒಂದು ಗಾಳಿಗಿಣಿ ಅದಕ್ಕೆ ರೆಕ್ಕೆ ಬೀಸುತ್ತಿತ್ತು. ಎಲ್ಲಕ್ಕೂ ಕಸುವು ಕೊಡಲು ತಾಮ್ರದ ಕೊಡದಲ್ಲಿ ಒಂದು ಮಿಂಚುಮೀನು. ಮಣಿಯನ್ನು ಅವನು ಯಾರೋ ಅಲೆಮಾರಿಯಿಂದ ಪಡೆದಿದ್ದ. ಮೀನನ್ನು ತಾನೇ ಹಿಡಿದಿದ್ದ. ಅರಮನೆಯ ಯಂತ್ರಶಾಲೆಯವರು ಅದನ್ನು ನೋಡಿ, ಏಳು ಮನೆಯ ಹಿಟ್ಟು ಕಲಸಿ ತಟ್ಟಿದ ರೊಟ್ಟಿ ಎಂದು ನಕ್ಕಿದ್ದರು.

ಹೀಗಿರುವಾಗ ಧೂಮಾಂಗನೆಂಬ ಮಾಯಾವಿ ಆ ರಾಜ್ಯಕ್ಕೆ ಬಂದ. ನೋಡಲು ಸಣಕಲು ಮನುಷ್ಯ, ಕೈಯಲ್ಲಿ ತಾಳೆಗರಿಯ ಕೊಡೆ, ಮಾತು ಬಹಳ ಮೃದು. ಕೆರೆಯನ್ನು ತನಗೆ ಬಿಟ್ಟುಕೊಡಬೇಕೆಂದು ಅರಸನನ್ನು ಕೇಳಿದ. ಅರಸ ಒಪ್ಪಲಿಲ್ಲ. ಧೂಮಾಂಗ ನಗುತ್ತಲೇ ಕೆರೆಯ ದಡಕ್ಕೆ ಹೋಗಿ ಕೊಡೆ ಮಡಚಿದ. ಕೆರೆಯ ನೀರೆಲ್ಲ ಗಾಜಾಯಿತು. ಆ ಹೊತ್ತಿಗೆ ಕೊಡ ತುಂಬಲು ನೀರಿಗಿಳಿದಿದ್ದವಳು ಕೇತವ್ವ ಒಬ್ಬಳೇ. ಸೊಂಟದವರೆಗೆ ಗಾಜು ಅವಳನ್ನು ಹಿಡಿದುಕೊಂಡಿತು.

ಕೆರೆಯ ಮೇಲೆ, ಗಾಳಿಯಲ್ಲಿ, ಒಂದು ಕಬ್ಬಿಣದ ಬೀಗ ತೂಗಿತು. ಧೂಮಾಂಗ ಹೇಳಿದ: ಇದಕ್ಕೆ ಬೀಗದಕೈ ಒಂದು ಸಂಖ್ಯೆ. ಅದು ಒಂದರಿಂದ ಕೋಟಿಯೊಳಗಿದೆ. ಒಂದರಿಂದ ಹಿಡಿದು ಒಂದನ್ನೂ ಬಿಡದೆ, ನಡುವೆ ನಿಲ್ಲದೆ ಎಣಿಸುತ್ತ ಹೋದರೆ, ಆ ಸಂಖ್ಯೆ ಬಂದಾಗ ಬೀಗ ತೆರೆಯುತ್ತದೆ. ನಿಂತರೆ ಮತ್ತೆ ಒಂದರಿಂದ. ಪ್ರತಿದಿನ ಸೂರ್ಯ ಮುಳುಗುವಾಗ ಗಾಜು ಒಂದು ಬೆರಳು ಏರುತ್ತದೆ. ಮೂವತ್ತನೆಯ ಬೆರಳು ಅವಳ ಮೂಗನ್ನು ಮುಚ್ಚುತ್ತದೆ.

ಮನುಷ್ಯರು ಕೋಟಿ ಎಣಿಸಲು ಎಷ್ಟು ತಿಂಗಳು ಬೇಕೋ. ಸಿಂಗೋಜನ ಪೆಟ್ಟಿಗೆಗೆ ಐದು ದಿನ ಸಾಕು.

ಅವನು ಪೆಟ್ಟಿಗೆಯನ್ನು ಹೊತ್ತು ತಂದು ಕೆರೆಯ ಮೆಟ್ಟಿಲ ಮೇಲಿಟ್ಟು ಚಪ್ಪರ ಹಾಕಿದ. ಗೊರವಂಕಗಳು ನಿಧಾನವಾಗಿ ‘ಒಂದು, ಎರಡು, ಮೂರು’ ಎಂದು ಶುರುಮಾಡಿದವು. ಬರಬರುತ್ತ ಮಾತಿನ ಓಟ ಹೆಚ್ಚಿ, ಕೊನೆಗೆ ಕೇಳಿಸಿದ್ದು ಜೇನುಗೂಡಿನ ಗುಂಯ್‌ಗುಡುವಿಕೆ ಮಾತ್ರ.

ಎರಡನೆಯ ದಿನ ಮಧ್ಯಾಹ್ನ ಆ ಸದ್ದು ತಟ್ಟನೆ ನಿಂತಿತು. ಎರಡು ಉಸಿರಿನಷ್ಟು ಮೌನ. ಆಮೇಲೆ ಪೆಟ್ಟಿಗೆ ಸ್ಪಷ್ಟವಾಗಿ ‘ಒಂದು’ ಎಂದಿತು.

ಆರು ದಿನಗಳಲ್ಲಿ ಅದು ಒಂಬತ್ತು ಸಲ ಹಾಗೆ ಮಾಡಿತು. ಒಮ್ಮೆ ಅರ್ಧ ದಿನ ಓಡಿ, ಒಮ್ಮೆ ಎಲೆಯಡಿಕೆ ಹಾಕುವಷ್ಟು ಹೊತ್ತು ಓಡಿ. ಯಾಕೆಂದು ತಿಳಿಯಲಿಲ್ಲ. ಎಷ್ಟು ಹೊತ್ತು ಓಡಿತೆಂದು ಸಿಂಗೋಜ ಪ್ರತಿ ಸಲ ಇದ್ದಿಲಿನಿಂದ ಮೆಟ್ಟಿಲ ಮೇಲೆ ಗೆರೆ ಎಳೆದಿಟ್ಟ. ಧೂಮಾಂಗ ದಿನವೂ ಬಂದು, ಕೊಡೆಯ ನೆರಳಲ್ಲಿ ನಿಂತು, ತಾನು ಒಂದು ಸಲ ಊದಿದರೆ ಪೆಟ್ಟಿಗೆ ನಿಲ್ಲುತ್ತದೆ, ಪಾಪ ಹುಡುಗ ಯಾಕೆ ಕಷ್ಟಪಡಬೇಕು ಎಂದು ಎಲ್ಲರಿಗೂ ಕೇಳಿಸುವಂತೆ ಹೇಳಿ ಹೋಗುತ್ತಿದ್ದ.

ಗಾಜಿನಲ್ಲಿ ನಿಂತ ಕೇತವ್ವ ಮೊದಮೊದಲು ಹಾಸ್ಯ ಮಾಡುತ್ತಿದ್ದಳು. “ನಿಮ್ಮ ಪೆಟ್ಟಿಗೆ ನಿಮ್ಮ ಹಾಗೇ. ಅರ್ಧ ಮಾತಿಗೆ ನಿದ್ದೆ ಹೋಗುತ್ತೆ.”

ಹಕ್ಕಿಗಳು ಮರೆಯುತ್ತಿವೆ ಎಂದುಕೊಂಡ ಸಿಂಗೋಜ. ಒಂದೊಂದನ್ನೇ ಇಟ್ಟು ನೋಡಿದ. ಮುದಿ ಗೊರವಂಕವಿದ್ದಾಗ ಬೇಗ ನಿಂತಂತೆ ಕಂಡಿತು. ಅದನ್ನು ಬಿಟ್ಟುಕೊಟ್ಟು, ಮರೆಯದ ಹಕ್ಕಿಯನ್ನು ತರಲು ಮರೆವಿನ ಕಾಡಿಗೆ ಹೋದ. ಕಾಡಿನೊಳಗೆ ನೂರು ಹೆಜ್ಜೆ ಇಡುವಷ್ಟರಲ್ಲಿ ಅವನಿಗೆ ತನ್ನ ಹೆಸರು ಮರೆತುಹೋಯಿತು. ಇನ್ನು ನೂರು ಹೆಜ್ಜೆಗೆ ಊರಿನ ಹೆಸರು ಮರೆತುಹೋಯಿತು. ಕೆರೆಯಲ್ಲಿ ನಿಂತವಳ ಹೆಸರು ಮರೆಯಲಿಲ್ಲ. ಅದನ್ನೇ ಹೇಳುತ್ತ ಹೋಗಿ ಹಕ್ಕಿಯನ್ನು ಹಿಡಿದು ತಂದ. ಪೆಟ್ಟಿಗೆಯನ್ನು ಬಿಚ್ಚಿ, ಅಡ್ಡ ಮಲಗಿಸಿ, ಧೂಳು ಕೊಡವಿ, ಹಕ್ಕಿಯನ್ನು ಕೂರಿಸಿ ಮತ್ತೆ ನಿಲ್ಲಿಸಿದ. ಪೆಟ್ಟಿಗೆ ಎರಡು ದಿನ ಚೆನ್ನಾಗಿ ಓಡಿತು. ಮೂರನೆಯ ಬೆಳಗ್ಗೆ ‘ಒಂದು’ ಎಂದಿತು.

ಗಾಜು ಹತ್ತು ಬೆರಳು ಏರಿತ್ತು.

ಹಾಗಾದರೆ ಮಣಿ ಕಾಯುತ್ತಿದೆ ಎಂದುಕೊಂಡ. ಹಿಮದ ಗವಿಯಲ್ಲಿ ಬಿಳಿಯ ಶರಭ ಮಲಗಿರುತ್ತದೆ, ಅದರ ನಾಲಿಗೆಯಡಿಯ ಮಣ್ಣಿಗೆ ಎಂಥ ಕಾವನ್ನೂ ಹೀರುವ ಗುಣವಿದೆ ಎಂದು ದೇಮವ್ವ ಹೇಳಿದಳು. ಸಿಂಗೋಜ ಗವಿಗೆ ಹೋಗಿ, ಶರಭ ಆಕಳಿಸುವವರೆಗೆ ಅದರ ಮುಖದ ಮುಂದೆ ಉಸಿರು ಹಿಡಿದು ಕೂತ. ಬಾಯಿ ತೆರೆದಾಗ ಕೈ ಹಾಕಿ ಒಂದು ಚಿಟಿಕೆ ಮಣ್ಣು ತೆಗೆದ. ಎಡಗೈಯ ಎರಡು ಬೆರಳ ತುದಿ ಚಳಿಗೆ ಸತ್ತುಹೋಯಿತು. ಮತ್ತೆ ಪೆಟ್ಟಿಗೆಯನ್ನು ಬಿಚ್ಚಿ, ಮಲಗಿಸಿ, ಮಣಿಯ ನೆತ್ತಿಗೆ ಮಣ್ಣು ಮೆತ್ತಿ, ನಿಲ್ಲಿಸಿದ. ಮಣಿ ತಣ್ಣಗಾಯಿತು. ಪೆಟ್ಟಿಗೆ ಮೂರು ದಿನ ಓಡಿತು. ಆಮೇಲೆ ‘ಒಂದು’ ಎಂದಿತು.

ಗಾಜು ಹದಿನಾರು ಬೆರಳು ಏರಿತ್ತು. ಕೇತವ್ವನ ಕೈಗಳೂ ಅದರೊಳಗೆ ಸಿಕ್ಕಿಕೊಂಡಿದ್ದವು. ದೇಮವ್ವ ದಿನವೂ ಗಾಜಿನ ಮೇಲೆ ಅಂಬೆಗಾಲಿಟ್ಟು ಹೋಗಿ ಅವಳಿಗೆ ಗಂಜಿ ಕುಡಿಸಿ ಬರುತ್ತಿದ್ದಳು.

ಉಳಿದದ್ದು ಮೀನು. ಅದರ ಕಸುವು ಸಾಲದು ಎಂದುಕೊಂಡು ಸಿಂಗೋಜ ದೊಡ್ಡ ಮಿಂಚುಮೀನಿಗಾಗಿ ಸುಳಿಮಡುವಿಗೆ ಹೋದ. ಅಲ್ಲಿ ಕಾವಲಿದ್ದ ಏಳು ಹೆಡೆಯ ಸರ್ಪ, ಹೆಡೆಗೊಂದು ಗೆಜ್ಜೆ ಕೊಟ್ಟರೆ ಮೀನು ಕೊಡುತ್ತೇನೆ ಎಂದಿತು. ಅವನು ದಡದ ಮರಳಿನಲ್ಲೇ ಅಚ್ಚು ಮಾಡಿ, ತೇಲಿಬಂದ ಕಟ್ಟಿಗೆಯ ಬೆಂಕಿಯಲ್ಲಿ ತನ್ನ ಸೊಂಟದ ಕಂಚಿನ ಪಟ್ಟಿಯನ್ನು ಕರಗಿಸಿ ಏಳು ಗೆಜ್ಜೆ ಹೊಯ್ದ. ಸರ್ಪ ಏಳನ್ನೂ ಅಲ್ಲಾಡಿಸಿ ನೋಡಿ ದಾರಿ ಬಿಟ್ಟಿತು. ಹೋಗಿಬರಲು ನಾಲ್ಕು ದಿನ ಹಿಡಿಯಿತು. ಪೆಟ್ಟಿಗೆಯನ್ನು ಮಲಗಿಸಿ, ಹೊಸ ಮೀನನ್ನು ಹಾಕಿ, ಎತ್ತಿ ನಿಲ್ಲಿಸಿದ. ಒಂದು ದಿನ, ಎರಡು ದಿನ, ಮೂರು ದಿನ, ನಾಲ್ಕು ದಿನ. ಊರವರೆಲ್ಲ ಮೆಟ್ಟಿಲ ಮೇಲೆ ಬಂದು ಕೂತರು. ಯಾರೂ ಕೆಮ್ಮಲಿಲ್ಲ.

ನಾಲ್ಕನೆಯ ದಿನ ಸಂಜೆ ಸದ್ದು ನಿಂತಿತು. ಎರಡು ಉಸಿರು. ‘ಒಂದು.’

ಊರವರು ಎದ್ದು ಹೋದರು. ಗಾಜು ಕೇತವ್ವನ ಕೊರಳಿಗೆ ಬಂದಿತ್ತು. ಇನ್ನು ಆರು ದಿನ.

ಮರುದಿನ ಸಿಂಗೋಜ ಏನೂ ಮಾಡದೆ ಮೆಟ್ಟಿಲ ಮೇಲೆ ಕೂತಿದ್ದ. ಅವನು ಬಿಟ್ಟುಕೊಟ್ಟಿದ್ದ ಮುದಿ ಗೊರವಂಕ ಎಲ್ಲಿಗೂ ಹೋಗಿರಲಿಲ್ಲ. ಚಪ್ಪರದ ಗಳದ ಮೇಲೆ ಕೂತು ರೆಕ್ಕೆ ಕೊಕ್ಕಿನಿಂದ ತೀಡಿಕೊಳ್ಳುತ್ತಿತ್ತು.

“ನಿನ್ನ ಕಾಡಿನ ಹಕ್ಕಿಯೂ ಮರೆತುಬಿಟ್ಟಿತಾ?” ಎಂದು ಕೇಳಿತು.

“ಹೌದು.”

“ಅದೂ ಮರೆತಿಲ್ಲ, ನಾನೂ ಮರೆತಿರಲಿಲ್ಲ. ನೀನು ಕೇಳಲಿಲ್ಲ, ನಾನು ಹೇಳಲಿಲ್ಲ. ಇಪ್ಪತ್ತು ಲಕ್ಷ ದಾಟಿ ಹೇಳುತ್ತಿದ್ದೆ. ಕಾಲಡಿ ಝಳ್ ಎಂದಿತು. ಕಣ್ಣಿಗೆ ಕತ್ತಲೆ ಕವಿಯಿತು, ಕಣ್ಣು ಬಿಟ್ಟರೆ ಎಲ್ಲ ಹೊಸದಾಗಿತ್ತು. ಹೊಸದಾದರೆ ಒಂದು ಎನ್ನಬೇಕಲ್ಲ, ಅಂದೆ.”

“ಕಾಲಡಿಯಾ? ತಲೆಯ ಮೇಲಿಂದಲ್ಲವಾ?”

“ಕಾಲು ಯಾವುದು ತಲೆ ಯಾವುದು ಎಂದು ನನಗೆ ಗೊತ್ತು,” ಎಂದಿತು ಹಕ್ಕಿ.

ಸಿಂಗೋಜ ಎದ್ದು ಇದ್ದಿಲಿನ ಗೆರೆಗಳ ಮುಂದೆ ಕೂತ. ಒಂದು ಭಾಗ ಕೆಟ್ಟಿದ್ದರೆ ಅದು ಮೊದಲ ಗಳಿಗೆಯಲ್ಲೂ ಕೆಡಬೇಕು. ಇದು ಹಾಗಿರಲಿಲ್ಲ. ಹೊತ್ತು ತಂದಿಟ್ಟಾಗ ಒಂದು ಉದ್ದ ಗೆರೆ. ಆಮೇಲಿನವು ಹೆಚ್ಚುಕಡಿಮೆ ಮೋಟಾಗುತ್ತ ಬಂದಿದ್ದವು. ಹಕ್ಕಿ ತಂದಾಗ ಮತ್ತೆ ಉದ್ದ, ಮಣ್ಣು ತಂದಾಗ ಉದ್ದ, ಮೀನು ತಂದಾಗ ಉದ್ದ. ಮೂರು ಸಲವೂ ಅವನು ಹೊಸದೊಂದನ್ನು ಹಾಕಿದ್ದ. ಆದರೆ ಮೂರು ಸಲವೂ ಇನ್ನೊಂದು ಕೆಲಸ ಮಾಡಿದ್ದ: ಪೆಟ್ಟಿಗೆಯನ್ನು ಮಲಗಿಸಿ, ಅಲ್ಲಾಡಿಸಿ, ಎತ್ತಿ ನಿಲ್ಲಿಸಿದ್ದ. ಒಳಗೆ ಏನೋ ಇತ್ತು. ಅಲ್ಲಾಡಿಸಿದಾಗ ಅದು ದೂರ ಸರಿಯುತ್ತಿತ್ತು. ಮೀನಿನ ನಡುಕಕ್ಕೂ ಗಿಣಿಯ ರೆಕ್ಕೆಯ ಬಡಿತಕ್ಕೂ ಮೆಲ್ಲಗೆ ಜಾರಿ ಹಿಂದಕ್ಕೆ ಬರುತ್ತಿತ್ತು.

ಹಲಗೆಯ ಕೆಳಗೆ ಅವನು ಒಮ್ಮೆಯೂ ನೋಡಿರಲಿಲ್ಲ. ಹಕ್ಕಿ, ಮಣಿ, ಮೀನು ಹೊರಗಿನಿಂದ ಬಂದವು. ಹಲಗೆಯನ್ನು ತಾನೇ ಕೊರೆದು ತಾನೇ ಕೂರಿಸಿದ್ದ. ಅದರ ಮೇಲೆ ಅನುಮಾನ ಬಂದಿರಲಿಲ್ಲ.

ಅವನು ಹಲಗೆಯ ಅಂಚಿಗೆ ಕೈ ಹಾಕಿದಾಗ ದೇಮವ್ವ ಓಡಿಬಂದು ಅವನ ಮಣಿಕಟ್ಟು ಹಿಡಿದಳು.

“ಹಲಗೆ ಎತ್ತಬೇಡ, ಮಗಾ.”

ಯಾಕೆ ಎಂದು ಕೇಳಿದ. ಅವಳು ತಲೆಯಾಡಿಸಿದಳೇ ಹೊರತು ಬಾಯಿ ಬಿಡಲಿಲ್ಲ. ಸಿಂಗೋಜ ಹುಟ್ಟಿದಾಗಿನಿಂದ ಅವಳ ಮಾತು ಮೀರಿದವನಲ್ಲ. ಈಗ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಹಲಗೆಯನ್ನು ಎತ್ತಿದ.

ಕೆಳಗೆ ಒಂದು ತಾಮ್ರದ ತಗಡು ಇತ್ತು. ಅಂಗೈಯಗಲ. ಅದರ ಮೇಲೆ ಮಾಟ ತಾಕದಿರಲೆಂದು ಗೀಚಿದ ಯಂತ್ರದ ಗೆರೆಗಳು, ಒಣಗಿದ ಅರಿಶಿನ. ತಗಡಿನ ಒಂದು ಮೂಲೆ ಸುಟ್ಟು ಕಪ್ಪಾಗಿತ್ತು. ಹಲಗೆಯ ತಳದ ಬೆಳ್ಳಿಯ ಗೆರೆಯಲ್ಲೂ ಅಂಥದೇ ಕಪ್ಪು ಚುಕ್ಕೆ. ತಾಮ್ರ ಬೆಳ್ಳಿಗೆ ತಾಗಿದಾಗಲೆಲ್ಲ ಮೀನಿನ ಕಸುವು ಅಡ್ಡದಾರಿಯಲ್ಲಿ ಹರಿದುಹೋಗುತ್ತಿತ್ತು.

ಆಗ ದೇಮವ್ವ ಹೇಳಿದಳು. ಪೆಟ್ಟಿಗೆಯನ್ನು ಕೆರೆಗೆ ತರುವ ದಿನ ಅವಳೇ ಅದನ್ನು ಹಲಗೆಯಡಿ ಸೇರಿಸಿದ್ದಳು. ಅವರ ಕೇರಿಯಲ್ಲಿ ಹೊಸ ಹೊಸ್ತಿಲ ಕೆಳಗೆ, ಕುಲುಮೆಯ ಕೆಳಗೆ ತಗಡಿಡುವುದು ಹಿಂದಿನಿಂದ ಬಂದದ್ದು.

“ಇಟ್ಟವರು ಬಾಯಿ ಬಿಟ್ಟರೆ ತಗಡಿನ ಬಲ ಹೋಗುತ್ತೆ, ಅಂತ ನಮ್ಮವ್ವ ಹೇಳಿದ್ದಳು. ಪೆಟ್ಟಿಗೆ ನಿಂತಾಗಲೆಲ್ಲ ನಾನು ಅಂದುಕೊಳ್ಳುತ್ತಿದ್ದೆ, ತಗಡು ಇದ್ದೇ ಹೀಗಾಯಿತು, ಇಲ್ಲದಿದ್ದರೆ ಇನ್ನೇನಾಗುತ್ತಿತ್ತೋ ಅಂತ.”

ಸಿಂಗೋಜ ಅವಳನ್ನು ಬೈಯಲಿಲ್ಲ. ಅವನಿಗೂ ಈಗ ಹೆದರಿಕೆಯಿತ್ತು. ಧೂಮಾಂಗನ ಮಾತು ನಿಜವಾಗಿದ್ದರೆ? ತಗಡಿದ್ದರೆ ಪೆಟ್ಟಿಗೆ ಓಡುವುದಿಲ್ಲ, ತೆಗೆದರೆ ಕಾವಲಿಲ್ಲ. ಗಾಜಿನ ಮೇಲೆ ನಡೆದು ಹೋಗಿ ಕೇತವ್ವನ ಮುಂದೆ ಕುಕ್ಕರುಗಾಲಲ್ಲಿ ಕೂತು ಎಲ್ಲವನ್ನೂ ಹೇಳಿದ. ಅವಳು ಗಲ್ಲವನ್ನು ಆದಷ್ಟು ಮೇಲೆತ್ತಿ ಮಾತಾಡಿದಳು.

“ಕಾವಲು ಕಾದೂ ಕಾದೂ ನನ್ನ ಕೊರಳಿಗೆ ಬಂತು. ತೆಗೆಯಿರಿ.”

ಹಳೆಯ ಹಕ್ಕಿಯನ್ನೂ ಹಳೆಯ ಮೀನನ್ನೂ ಮತ್ತೆ ಹಾಕೋಣವೇ ಎಂದು ಅವನಿಗೆ ಅನಿಸಿತು. ಕೈ ತಡೆದ. ಒಂದು ಸಲಕ್ಕೆ ಒಂದೇ ಬದಲಾವಣೆ. ತಗಡನ್ನು ಮಾತ್ರ ತೆಗೆದು, ಕಪ್ಪನ್ನು ಒರೆಸಿ, ಹಲಗೆಯನ್ನು ಕೂರಿಸಿದ. ದೇಮವ್ವ ಆ ತಗಡಿಗೆ ದಾರ ಪೋಣಿಸಿ ತನ್ನ ಕೊರಳಿಗೆ ಕಟ್ಟಿಕೊಂಡು, ಬರುವುದಿದ್ದರೆ ತನ್ನ ಮೇಲೆ ಬರಲಿ ಎಂದು ಪೆಟ್ಟಿಗೆಯ ಮುಂದೆ ಕೂತಳು.

ಸೂರ್ಯ ಮುಳುಗಿದ. ಗಾಜು ಒಂದು ಬೆರಳು ಏರಿತು. ಪೆಟ್ಟಿಗೆ ‘ಒಂದು’ ಎಂದಿತು.

ಎರಡು ದಿನ ಕಳೆದವು. ಕೇತವ್ವನ ಗಲ್ಲ ಮುಳುಗಿತು. ಮೂರನೆಯ ದಿನ ಕೆಳತುಟಿ ಮುಳುಗಿತು, ಮಾತು ನಿಂತಿತು. ನಾಲ್ಕನೆಯ ದಿನ ಅವಳಿಗೆ ಮೂಗು, ಕಣ್ಣು ಮಾತ್ರ ಉಳಿದವು. ಸಿಂಗೋಜ ಅವಳೆದುರು ಗಾಜಿನ ಮೇಲೆ ಕೂತು ಅವಳ ಕಣ್ಣನ್ನೇ ನೋಡುತ್ತಿದ್ದ. ಅವಳು ರೆಪ್ಪೆ ಬಡಿದರೆ ಅವನೂ ಬಡಿಯುತ್ತಿದ್ದ. ಗುಂಯ್‌ಗುಡುವ ಸದ್ದು ಹಾಗೇ ಇತ್ತು.

ಐದನೆಯ ದಿನ ಇಳಿಹೊತ್ತಿಗೆ ಧೂಮಾಂಗ ಬಂದ. ಆವತ್ತು ಅವನು ಮೃದುವಾಗಿ ಮಾತಾಡಲಿಲ್ಲ. ಆ ಸಂಖ್ಯೆ ಕೋಟಿಯೊಳಗೆ ಇಲ್ಲವೇ ಇಲ್ಲ, ತಾನು ಸುಳ್ಳು ಹೇಳಿದ್ದೆ, ಎಣಿಕೆ ನಿಲ್ಲಿಸಿದರೆ ಈಗಲೇ ನಿಜವನ್ನು ಹೇಳುತ್ತೇನೆ ಎಂದ. ಸಿಂಗೋಜ ತಿರುಗಿ ನೋಡಲಿಲ್ಲ. ಹಾಗಾದರೆ ಊದುತ್ತೇನೆ ಎಂದು ಧೂಮಾಂಗ ಪೆಟ್ಟಿಗೆಯ ಕಡೆ ಬಾಗಿ, ಕೆನ್ನೆ ಉಬ್ಬಿಸಿ ಊದಿದ. ದೇಮವ್ವನ ನರೆಗೂದಲು ಹಾರಿತು. ಗಾಳಿಗಿಣಿಗೆ ಆಯಾಸ ಸ್ವಲ್ಪ ಕಡಿಮೆಯಾಯಿತು. ಇನ್ನೇನೂ ಆಗಲಿಲ್ಲ. ಅವನು ಮತ್ತೆ ಊದಿದ. ಪೆಟ್ಟಿಗೆ ಎಣಿಸುತ್ತಲೇ ಇತ್ತು. ಇಷ್ಟು ದಿನ ಅದನ್ನು ನಿಲ್ಲಿಸಿದ್ದು ಯಾರೆಂದು ಅವನಿಗೂ ತಿಳಿದಿರಲಿಲ್ಲ.

“ನಿನ್ನ ಉಸಿರಿಗೆ ಈರುಳ್ಳಿ ವಾಸನೆ ಮಾತ್ರ ಇದೆ,” ಎಂದಳು ದೇಮವ್ವ, ತಗಡನ್ನು ಗಟ್ಟಿಯಾಗಿ ಹಿಡಿದುಕೊಂಡು.

ಸೂರ್ಯನ ಅಂಚು ನೆಲಕ್ಕೆ ತಾಗಿತು. ಗಾಜು ಕದಲಿ ಕೇತವ್ವನ ಮೂಗಿನ ಹೊಳ್ಳೆಯ ಕಡೆ ಬಂತು. ಅವಳು ಕಣ್ಣು ಮುಚ್ಚಿದಳು.

ಬೀಗ ಕಟಕ್ಕೆಂದು ತೆರೆದುಕೊಂಡಿತು.

ಯಾವ ಸಂಖ್ಯೆಗೆ ತೆರೆಯಿತೆಂದು ಯಾರಿಗೂ ತಿಳಿಯಲಿಲ್ಲ. ಅಷ್ಟು ವೇಗವಾಗಿ ಅದು ಬಂದುಹೋಗಿತ್ತು. ಗಾಜೆಲ್ಲ ಒಮ್ಮೆಲೇ ನೀರಾಯಿತು. ಅದರ ಮೇಲೆ ಕೂತಿದ್ದ ಸಿಂಗೋಜ ದೊಪ್ಪನೆ ಒಳಗೆ ಬಿದ್ದ. ಧೂಮಾಂಗನ ಶಕ್ತಿಯೆಲ್ಲ ಆ ಬೀಗದಲ್ಲಿತ್ತು. ಅವನು ಕಾಲಿನಿಂದ ಮೇಲಕ್ಕೆ ಹೊಗೆಯಾಗುತ್ತ ಹೋಗಿ, ಕೊನೆಗೆ ಮೆಟ್ಟಿಲ ಮೇಲೆ ಕೊಡೆಯೊಂದೇ ಬಿದ್ದಿತ್ತು.

ಕೇತವ್ವನ ಕಾಲುಗಳಿಗೆ ಬಲವಿರಲಿಲ್ಲ. ಸಿಂಗೋಜ ಅವಳನ್ನು ಎತ್ತಿಕೊಂಡು ದಡಕ್ಕೆ ಬಂದ. ತಗಡೇ ಎಲ್ಲರನ್ನೂ ಕಾಪಾಡಿತೆಂದು ದೇಮವ್ವ ಊರವರಿಗೆಲ್ಲ ಹೇಳುತ್ತಿದ್ದಳು.

ನಿಲ್ಲು ಎಂದು ಪೆಟ್ಟಿಗೆಗೆ ಯಾರೂ ಹೇಳಿರಲಿಲ್ಲ. ಅದು ಕೋಟಿಯನ್ನು ದಾಟಿ ಎಣಿಸುತ್ತಲೇ ಇತ್ತು. ಕೇತವ್ವ ಎರಡು ಸಲ ಕೆಮ್ಮಿ, ನೀರು ಉಗುಳಿ, ಮೂರು ದಿನಗಳಲ್ಲಿ ಮೊದಲ ಸಲ ಬಾಯಿತುಂಬ ಮಾತಾಡಿದಳು.

“ಮೊದಲು ಅದನ್ನ ನಿಲ್ಲಿಸಿ. ತಲೆ ಸಿಡಿಯುತ್ತಿದೆ.”

ಸಿಂಗೋಜ ಹೋಗಿ ಮೀನಿನ ಕೊಡವನ್ನು ಬೇರೆ ಮಾಡಿದ. ಸದ್ದು ನಿಂತಿತು. ಎರಡು ಉಸಿರು ಕಳೆದವು. ಊರಿಗೆ ಊರೇ ಕಿವಿಗೊಟ್ಟು ನಿಂತಿತ್ತು. ಪೆಟ್ಟಿಗೆ ಏನೂ ಹೇಳಲಿಲ್ಲ. ಆಮೇಲೆ ಹೆಂಗಸರು ಕೊಡ ಹಿಡಿದು ನೀರಿಗಿಳಿದರು. ಅಂದಿನಿಂದ ಸುರಗಿಪಟ್ಟಣದ ಒಂದು ಮನೆಯಲ್ಲೂ ಕೊಡ ಬರಿದಾಗಲಿಲ್ಲ, ಒಂದು ಮನೆಯಲ್ಲೂ ನಗು ಬತ್ತಲಿಲ್ಲ.